ಯಾವ ಹೆಸರಿಲೆ ಹುಡುಕಿದಿ?

ಕಾಕು ಸುಳ್ಳು ಹೇಳುತ್ತಾಳೆ ಎಂದು ನಾನು ಬರೆದಾಗಿತ್ತು. ಇಷ್ಟು ನೇರವಾಗಿ ಅಲ್ಲ. ಹನ್ನೊಂದು ಪುಟಗಳಲ್ಲಿ, ನಗುನಗುತ್ತ, ಓದಿದವರಿಗೆ ಅವಳ ಮೇಲೆ ಮಮತೆ ಹುಟ್ಟುವ ಹಾಗೆ ಬರೆದಿದ್ದೆ. ಆದರೂ ಹನ್ನೊಂದು ಪುಟಗಳ ಸಾರ ಅದೇ ಆಗಿತ್ತು: ಈಕೆ ಹೇಳುವ ಸೈಕಲ್ ಕತೆ ನಡೆದದ್ದಲ್ಲ.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಎಪ್ಪತ್ತೈದು ದಾಟಿದ್ದಾಳೆ. ಧಾರವಾಡದ ಮಾಳಮಡ್ಡಿಯಲ್ಲಿ ಮಗ-ಸೊಸೆಯ ಜೊತೆ ಇದ್ದಾಳೆ. ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಅವಳ ಕತೆ ಇಷ್ಟೇ. ಮದುವೆಗೆ ಮುಂಚೆ, ಕಾಲೇಜಿನಲ್ಲಿದ್ದಾಗ, ಹೆಣ್ಣುಮಕ್ಕಳ ಸೈಕಲ್ ಸ್ಪರ್ಧೆಯೊಂದು ನಡೆಯಿತು. ಒಂದು ಊರಿನಿಂದ ಇನ್ನೊಂದು ಊರಿಗೆ, ಹುಬ್ಬಳ್ಳಿ-ಧಾರವಾಡದ ನಡುವಿನ ಇಡೀ ರಸ್ತೆ. ಅವಳು ಸೀರೆ ಉಟ್ಟುಕೊಂಡೇ ಸೈಕಲ್ ಹೊಡೆದು ಮೊದಲು ಬಂದಳು. ಪೇಪರಿನಲ್ಲಿ ಫೋಟೋ ಬಂತು. ಕತ್ತರಿಸಿ ಇಟ್ಟಿದ್ದ ಪೇಪರನ್ನು ಗೆದ್ದಲು ತಿಂದವು.

ಮನೆಯಲ್ಲಿ ಯಾರೂ ನಂಬಿರಲಿಲ್ಲ. ಮೊದಲನೆಯ ಕಾರಣ, ಕಾಕುವಿಗೆ ರಸ್ತೆ ದಾಟಲು ಬರುವುದಿಲ್ಲ. ಇವತ್ತಿಗೂ ಬರುವುದಿಲ್ಲ. ಪಕ್ಕದಲ್ಲಿದ್ದವರ ಮಣಿಕಟ್ಟು ಹಿಡಿದು, ಕಣ್ಣು ಅರ್ಧ ಮುಚ್ಚಿ, ದೇವರ ಹೆಸರು ಹೇಳುತ್ತ ದಾಟುತ್ತಾಳೆ. ಕಾಕಾ ಪ್ರತಿ ಸಲವೂ ಬೀದಿಗೆಲ್ಲ ಕೇಳುವ ಹಾಗೆ, "ಸರೀರಿ, ಸರೀರಿ, ಸೈಕಲ್ ಚಾಂಪಿಯನ್ ಬರ್ಲಿಕತ್ತಾಳ!" ಎನ್ನುತ್ತಿದ್ದರು.

ಎರಡನೆಯದು ಏರಿನ ಮಾತು. ಕಾಕು ಕತೆ ಹೇಳುವಾಗ ಕೊನೆಗೊಂದು ಏರು ಬರುತ್ತಿತ್ತು. "ಕಡೀಕ ಆ ಏರು ಬಂತು ನೋಡು, ಎದಿ ಒಡದು ಹೋಗತದ ಅನಿಸ್ತು." ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ. ಈ ಎರಡು ಊರುಗಳ ನಡುವೆ ಓಡಾಡಿದವರಿಗೆಲ್ಲ ಇದು ಗೊತ್ತು. ಕಾಕಾನಿಗಂತೂ ಗೊತ್ತಿತ್ತು. "ಧಾರವಾಡದಿಂದ ಹುಬ್ಬಳ್ಳಿಗೆ ಸೈಕಲ್ ತಂತಾನ ಉಳ್ಳತದ. ಏರು ಎಲ್ಲಿಂದ ತಂದಿ? ತವರುಮನಿಯಿಂದೇನು?" ಎಂದು ಕೇಳುತ್ತಿದ್ದರು. ಕಾಕು ಬರೀ ನಗುತ್ತಿದ್ದಳು. ಆ ನಗೆಯನ್ನು ನಾನು ತಪ್ಪೊಪ್ಪಿಗೆ ಎಂದು ಓದಿಕೊಂಡೆ. ಹಾಗೆಯೇ ಬರೆದೆ.

ಅಧ್ಯಾಯದ ಹೆಸರು 'ಕಾಕು ಹೊಡೆಯದ ಸೈಕಲ್'. ಪುಸ್ತಕ ನಮ್ಮ ಮನೆಯ ನೆನಪುಗಳದು. ಕೊನೆಯ ಕರಡು ಅಚ್ಚಿನ ಮನೆಯಿಂದ ಬಂದಿತ್ತು.

ನೆನಪನ್ನು ನಂಬಿ ಬರೆದ ಪುಸ್ತಕಗಳನ್ನು ನಾನು ಹೆಚ್ಚು ಓದುವುದಿಲ್ಲ. ಅವುಗಳಲ್ಲಿ ಎಲ್ಲರ ಅಜ್ಜಿಯೂ ಒಂದೇ ತರಹ ನಗುತ್ತಾಳೆ, ಎಲ್ಲರ ಅಡಿಗೆಮನೆಯಲ್ಲೂ ಒಂದೇ ವಾಸನೆ ಬರುತ್ತದೆ. ನನ್ನ ಪುಸ್ತಕದಲ್ಲಿ ಪರೀಕ್ಷೆ ಮಾಡಲು ಬರುವುದನ್ನೆಲ್ಲ ಪರೀಕ್ಷೆ ಮಾಡಿಯೇ ಹಾಕಬೇಕು ಎಂದು ನಿಶ್ಚಯಿಸಿದ್ದೆ. ಒಂದು ಸಂಗತಿ ನಡೆಯಲಿಲ್ಲ ಎನ್ನುವುದಕ್ಕೂ ಆಧಾರ ಬೇಕು. ಅದಕ್ಕಾಗಿ ನಾನು ಓದಿದ, ಆಮೇಲೆ ಬಹಳ ವರ್ಷ ಪಾಠ ಹೇಳಿದ ಕಾಲೇಜಿನ ಗ್ರಂಥಾಲಯಕ್ಕೆ ಹೋದೆ.

ಅಲ್ಲೀಗ ನ್ಯೂಸ್ ಡೇಟಾಬೇಸ್ ಇದೆ. ಹಳೆಯ ಪತ್ರಿಕೆಗಳ ಪುಟಗಳನ್ನು ಫೋಟೋ ಹಿಡಿದು, ಅಕ್ಷರಗಳನ್ನು ಯಂತ್ರದಿಂದ ಓದಿಸಿ ಇಟ್ಟಿದ್ದಾರೆ. ಒಂದು ಶಬ್ದ ಕೊಟ್ಟರೆ ಆ ಶಬ್ದ ಇರುವ ಪುಟಗಳು ಬರುತ್ತವೆ. ಗ್ರಂಥಾಲಯದ ಹಿಂಬದಿಯಲ್ಲಿ ಇದಕ್ಕೆಂದೇ ಒಂದು ಕೋಣೆ, ನಾಲ್ಕು ಕಂಪ್ಯೂಟರು. ಚಪ್ಪಲಿ ಹೊರಗೆ ಬಿಡಬೇಕು. ಮೂರು ಕಂಪ್ಯೂಟರುಗಳ ಮುಂದೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಅವರಿಗೆ ಬೇಕಾದದ್ದು ಕಳೆದ ಆರು ತಿಂಗಳ ಸುದ್ದಿ. ಅದಕ್ಕಿಂತ ಹಿಂದಿನದು ಪರೀಕ್ಷೆಯಲ್ಲಿ ಬರುವುದಿಲ್ಲ. ನಾಲ್ಕನೆಯದರ ಮುಂದೆ ನಾನು ಕೂತೆ. ನನಗೆ ಬೇಕಾದದ್ದು ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನದು.

ಗ್ರಂಥಪಾಲಕಿ ನಲವತ್ತರ ಸುಮಾರಿನ ಹೆಂಗಸು. ನಾನು ಪಾಠ ಹೇಳುತ್ತಿದ್ದ ಕೊನೆಯ ವರ್ಷಗಳಲ್ಲಿ ಕೆಲಸಕ್ಕೆ ಸೇರಿದವರು. ಹೇಗೆ ಹುಡುಕುವುದೆಂದು ತೋರಿಸಿದರು. ಮೇಲಿನ ಖಾನೆಯಲ್ಲಿ ಶಬ್ದ, ಕೆಳಗೆ ಯಾವ ವರ್ಷದಿಂದ ಯಾವ ವರ್ಷದವರೆಗೆ, ಪಕ್ಕದಲ್ಲಿ ಯಾವ ಆವೃತ್ತಿ.

ಕಾಕುವಿನ ಹೆಸರು ಹಾಕಿದೆ. ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹಾಕಿದೆ. ಅವಳ ಮದುವೆಯ ಹಿಂದಿನ ಹತ್ತು ವರ್ಷಗಳನ್ನು ಆರಿಸಿದೆ. ಜೊತೆಗೆ 'ಸೈಕಲ್ ಸ್ಪರ್ಧೆ' ಎಂದು ಹಾಕಿದೆ. ಯಾವುದೇ ಫಲಿತಾಂಶ ಇಲ್ಲ ಎಂದು ಬಂತು. ಸ್ಪರ್ಧೆ ತೆಗೆದು ಬರೀ ಹೆಸರು ಹಾಕಿದೆ. ಇಲ್ಲ. ಹೆಸರನ್ನು ಮೂರು ತರಹದ ಕಾಗುಣಿತದಲ್ಲಿ ಹಾಕಿದೆ. ಇಲ್ಲ, ಇಲ್ಲ, ಇಲ್ಲ. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಅಧ್ಯಾಯ ಗಟ್ಟಿಯಾಯಿತು ಎನಿಸಿತು.

"ಮೇಡಂ, ಇದನ್ನ ಪ್ರಿಂಟ್ ತಗೀರಿ," ಎಂದೆ.

"ಏನನ್ನ್ರಿ? ಇಲ್ಲಿ ಏನೂ ಬಂದಿಲ್ಲಲ್ರಿ?"

"ಏನೂ ಬಂದಿಲ್ಲ ಅನ್ನೋದನ್ನ."

ಅವರು ನನ್ನನ್ನೂ ಪರದೆಯನ್ನೂ ನೋಡಿದರು. "ನಾನು ಇಲ್ಲಿಗೆ ಬಂದಾಗಿಂದ ಇಲ್ಲ ಅನ್ನೋದರ ಪ್ರಿಂಟ್ ತಗೊಂಡೋರು ನೀವ ಮೊದಲು ನೋಡ್ರಿ," ಎಂದು ನಗುತ್ತ ತೆಗೆದುಕೊಟ್ಟರು.

ಬದುಕಿರುವವರ ಬಗ್ಗೆ ಬರೆದದ್ದನ್ನು ಅವರಿಗೆ ಓದಿ ಹೇಳದೆ ಅಚ್ಚಿಗೆ ಕೊಡುವುದಿಲ್ಲ. ಇದೂ ನನ್ನ ನಿಯಮ. ಮರುದಿನ ಮುಂಜಾನೆ ಮಾಳಮಡ್ಡಿಗೆ ಹೋದೆ. ಕಾಕು ಪಡಸಾಲೆಯಲ್ಲಿ ಪೇಪರು ಹರವಿಕೊಂಡು ಮೆಂತೆ ಪಲ್ಲೆ ಸೋಸುತ್ತಿದ್ದಳು. ಸೊಸೆ ಅಡಿಗೆಮನೆಯಲ್ಲಿದ್ದಳು. ನಾನು ಎದುರಿಗೆ ಕೂತು ಹನ್ನೊಂದು ಪುಟಗಳನ್ನೂ ಓದಿದೆ. ಕಾಕು ಒಂದೊಂದೇ ಎಲೆ ಕಿತ್ತು ಬುಟ್ಟಿಗೆ ಹಾಕುತ್ತ ಕೇಳಿದಳು. ಕಾಕಾನ ಮಾತು ಬಂದಲ್ಲಿ ನಕ್ಕಳು. ಎರಡು ಕಡೆ ತಲೆಯಾಡಿಸಿದಳು.

ಓದಿ ಮುಗಿದ ಮೇಲೆ, "ಛಲೋ ಬರದೀ. ಆದರ ಸುಳ್ಳು ಅಂತ ಬರದೀಯಲ್ಲ," ಎಂದಳು.

"ಸುಳ್ಳು ಅನ್ನೋ ಶಬ್ದ ನಾ ಎಲ್ಲೂ ಬರದಿಲ್ಲ ಕಾಕು."

"ಶಬ್ದ ಬರದಿಲ್ಲ. ಅದೊಂದ ಬಿಟ್ಟು ಎಲ್ಲಾ ಬರದೀ." ಒಂದು ದಂಟನ್ನು ಆಚೆ ಎಸೆದಳು. "ನಾನೇನು ಇನ್ನ ಬಹಳ ಮಂದಿಗೆ ಕತಿ ಹೇಳಾಕಿ ಅಲ್ಲ. ನಾ ಹೋದ ಮ್ಯಾಲೆ ನಿನ್ನ ಪುಸ್ತಕ ಇರತದ. ಕಾಕು ಮಾತು ಕಟ್ಟತಿದ್ದಳು ಅಂತ ಮೊಮ್ಮಕ್ಕಳು ಓದತಾವ. ಅದ ಆಗಬಾರದು."

ಆಗ ನಾನು ಪ್ರಿಂಟ್ ತೆಗೆದೆ. ಹಾಗೆ ಮಾಡಬಾರದಿತ್ತು ಎಂದು ಈಗ ಬರೆಯುವುದು ಸುಲಭ. ಆ ಹೊತ್ತಿನಲ್ಲಿ ನನಗೆ ಯಾವ ಹಿಂಜರಿಕೆಯೂ ಇರಲಿಲ್ಲ. "ನಾ ಎಲ್ಲಾ ಪೇಪರಿನ್ಯಾಗ ಹುಡುಕೀನಿ ಕಾಕು. ನಿನ್ನ ಹೆಸರು ಒಂದು ಕಡೆನೂ ಇಲ್ಲ."

ಕಾಕು ಹಾಳೆಯನ್ನು ದೂರ ಹಿಡಿದು ನೋಡಿದಳು. "ಯಾವ ಹೆಸರಿಲೆ ಹುಡುಕಿದಿ?"

"ಯಾವ ಹೆಸರು ಅಂದ್ರ? ನಿನ್ನ ಹೆಸರಿಲೆ."

ಕಾಕು ಗಟ್ಟಿಯಾಗಿ ನಕ್ಕಳು. ಎಲೆ ಹಿಡಿದ ಕೈಯಿಂದಲೇ ನನ್ನ ತೊಡೆಗೆ ಬಡಿದಳು. "ಅಯ್ಯ ಹುಚ್ಚೀ! ಆಕಿ ಆವಾಗ ಇನ್ನೂ ಹುಟ್ಟಿದ್ದಿಲ್ಲ! ಆಕಿ ಹುಟ್ಟಿದ್ದು ಅಕ್ಕಿಯೊಳಗ!"

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮದುವೆಯಾದಾಗ ಹುಡುಗಿಯ ಅಡ್ಡಹೆಸರಿನ ಜೊತೆ ಹೆಸರೂ ಬದಲಾಗುತ್ತಿತ್ತು. ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಮದುಮಗ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಬಗ್ಗಿ ಓದುತ್ತಾರೆ. ಆಮೇಲೆ ಅದೇ ಹೆಸರು.

ಆ ಅಕ್ಕಿಯ ತಾಟು ನನಗೆ ನೆನಪಿದೆ. ಹಿತ್ತಾಳೆಯದು. ಅಥವಾ ಸ್ಟೀಲಿನದು. ಕಾಕಾನ ಬೆರಳು ಅಕ್ಕಿಯಲ್ಲಿ ಓಡಾಡಿದ್ದೂ ನೆನಪಿದೆ. ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ. ಅದು ಕಾಕಾನ ಬೆರಳೋ, ಆಮೇಲೆ ನೋಡಿದ ಹತ್ತಾರು ಮದುವೆಗಳ ಯಾರ ಯಾರದೋ ಬೆರಳುಗಳೋ ತಿಳಿಯದು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಆ ಮದುವೆಯಲ್ಲಿ ನಾನಿದ್ದೆ, ನನಗೆ ಏಳು ವರ್ಷ. ಅಂದು ಮುಂಜಾನೆ ಕಾಕುವಿಗೆ ಬೇರೊಂದು ಹೆಸರಿತ್ತು ಎನ್ನುವುದು ನನ್ನ ತಲೆಯಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗಿದ್ದ ಹೆಸರಿನಿಂದಲೇ ನನ್ನ ಕಾಕು ಶುರುವಾಗುತ್ತಾಳೆ.

ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ನನ್ನ ಮದುವೆಯಲ್ಲಿ ನಾನು ಹೆಸರು ಬದಲಿಸಲು ಒಪ್ಪಲಿಲ್ಲ. ಅಕ್ಕಿ ಹರವಿಟ್ಟಿದ್ದರು, ಅದರಲ್ಲಿ ನನ್ನ ಹೆಸರನ್ನೇ ಬರೆಸಿದೆ. ಎರಡೂ ಮನೆಯವರು ಎರಡು ವರ್ಷ ಮುಖ ಗಂಟಿಕ್ಕಿಕೊಂಡಿದ್ದರು. ಇದರ ಬಗ್ಗೆ ಲೇಖನ ಬರೆದಿದ್ದೇನೆ, ಭಾಷಣ ಮಾಡಿದ್ದೇನೆ. ಅಂಥವಳು ಕಾಕುವನ್ನು ಹುಡುಕಲು ಕೂತಾಗ ಅಕ್ಕಿಯಲ್ಲಿ ಬರೆದ ಹೆಸರನ್ನೇ ಕಂಪ್ಯೂಟರಿಗೆ ಕೊಟ್ಟೆ, ಅದೂ ಮದುವೆಯ ಹಿಂದಿನ ವರ್ಷಗಳನ್ನು ಆರಿಸಿಕೊಂಡು!

"ಹಂಗಾರ ನಿನ್ನ ತವರುಮನಿ ಹೆಸರೇನು ಕಾಕು?"

ಕಾಕು ಬುಟ್ಟಿಯಲ್ಲಿನ ಎಲೆಗಳನ್ನು ಕೈಯಿಂದ ಸರಿಮಾಡಿದಳು. ಆಮೇಲೆ ಹೇಳಿದಳು. ಮೂರು ಅಕ್ಷರದ ಹೆಸರು. ಅಡಿಗೆಮನೆಯಿಂದ ಸೊಸೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಯಾರ್ರಿ ಅತ್ಯಾ ಅದು?"

"ನಾನ," ಎಂದಳು ಕಾಕು.

ಸೊಸೆ ಆ ಮನೆಗೆ ಬಂದು ಇಪ್ಪತ್ತು ವರ್ಷಗಳಾಗಿದ್ದವು.

ಎರಡನೆಯ ಸಲ ಗ್ರಂಥಾಲಯಕ್ಕೆ ಹೋದಾಗ ನಾನು ಆ ಮೂರು ಅಕ್ಷರಗಳನ್ನೂ ಕಾಕುವಿನ ತಂದೆಯ ಅಡ್ಡಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೆ. ಹಾಕಿದೆ. ಯಾವುದೇ ಫಲಿತಾಂಶ ಇಲ್ಲ. ಈ ಸಲ ಸಂತೋಷವಾಗಲಿಲ್ಲ.

ಗ್ರಂಥಪಾಲಕಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ನಾನು ಕತೆಯನ್ನೆಲ್ಲ ಹೇಳಿದೆ. ಅವರು ಕೇಳಿ, "ಮೇಡಂ, ಇದು ಹಳೇ ಮೊಳೆ ಅಚ್ಚು," ಎಂದರು. "ಅಕ್ಷರ ಸವದಿರತಾವ, ಮಸಿ ಹರಡಿರತೈತಿ. ಮಶೀನು ಸ ಇದ್ದಿದ್ದನ್ನ ನ ಅಂತ ಓದತೈತಿ. ಒತ್ತಕ್ಷರ ಅಂತೂ ಬಿಟ್ಟಬಿಡತೈತಿ. ಹೆಸರಿಲೆ ಹುಡುಕಬ್ಯಾಡ್ರಿ. ವಿಷಯದಿಂದ ಹುಡುಕ್ರಿ."

"ಸೈಕಲ್ ಸ್ಪರ್ಧೆ ಅಂತ ಹಾಕೇನಲ್ರಿ?"

"ಆಗಿನ ಕಾಲದಾಗ ನಮ್ಮ ಕಡೆ ಪೇಪರಿನ್ಯಾಗ ಸ್ಪರ್ಧೆ ಅಂತಿದ್ರೇನ್ರಿ? ನಮ್ಮಪ್ಪ ಇವತ್ತಿಗೂ ಶರ್ಯತ್ತು ಅಂತಾನ."

ಕಾಕುವೂ ಶರ್ಯತ್ತು ಎಂದೇ ಹೇಳುತ್ತಿದ್ದಳು. "ಶರ್ಯತ್ತಿನ್ಯಾಗ ಮೊದಲು ಬಂದೆ." ನಲವತ್ತು ವರ್ಷ ಕೇಳಿದ ಮಾತು. ಬರೆಯಲು ಕೂತಾಗ ನಾನು ಅದನ್ನು ತಿದ್ದಿ ಸ್ಪರ್ಧೆ ಮಾಡಿದ್ದೆ. ಪುಸ್ತಕದ ಭಾಷೆಗೆ ಅದು ಸರಿ ಎನಿಸಿತ್ತು. ಈ ಬರಹದ ಮೊದಲ ಪುಟಕ್ಕೆ ಹಿಂತಿರುಗಿ ನೋಡಿ, ಅಲ್ಲಿ ಅವಳ ಕತೆ ಹೇಳುವಾಗಲೂ ಸ್ಪರ್ಧೆ ಎಂದೇ ಬರೆದಿದ್ದೇನೆ. ತೆಗೆಯದೆ ಬಿಟ್ಟಿದ್ದೇನೆ.

ಶರ್ಯತ್ತು ಎಂದು ಹಾಕಿದೆ. ಪರದೆ ತುಂಬಿತು. ಒಂದರ ಕೆಳಗೊಂದು ಪುಟ, ಮುಗಿಯುವಂತಿರಲಿಲ್ಲ. ಎಲ್ಲವೂ ಎತ್ತಿನ ಬಂಡಿಯ ಶರ್ಯತ್ತುಗಳು. ಯಾವ ಊರಿನ ಯಾರ ಎತ್ತುಗಳು ಎಷ್ಟು ದೂರ ಓಡಿದವು, ಯಾರಿಗೆ ಬೆಳ್ಳಿಯ ಕಡಗ, ಯಾರಿಗೆ ಫಲಕ. ಹುಡುಕುವ ಯಂತ್ರಕ್ಕೆ ನಾನು ಕೇಳಿದ್ದು ಸರಿಯಾಗಿಯೇ ತಿಳಿದಿತ್ತು. ಅದರ ದೃಷ್ಟಿಯಲ್ಲಿ ಕಾಕುವೂ ಎತ್ತುಗಳೂ ಒಂದೇ ಸಾಲಿನಲ್ಲಿ ನಿಂತಿದ್ದರು. ಎರಡು ದಿನ ನಾನು ಎತ್ತುಗಳನ್ನು ಓದಿದೆ. ಬೇಸರವಾಗಲಿಲ್ಲ. ಪತ್ರಿಕೆಯವರು ಎತ್ತಿನ ಬಣ್ಣವನ್ನೂ ಕೋಡನ್ನೂ ಶ್ರದ್ಧೆಯಿಂದ ಬರೆಯುತ್ತಿದ್ದರು. ಪಕ್ಕದ ಕಂಪ್ಯೂಟರಿನ ಹುಡುಗಿಯೊಬ್ಬಳು ನನ್ನ ಪರದೆಯತ್ತ ಇಣುಕಿ, "ಇದು ಯಾವ ಎಕ್ಸಾಮಿಗ್ರಿ ಮೇಡಂ?" ಎಂದು ಕೇಳಿದಳು.

ಮೂರನೆಯ ದಿನ ಮಧ್ಯಾಹ್ನ ಒಂದು ಸಾಲು ವಿಚಿತ್ರವಾಗಿ ಕಂಡಿತು. ಯಂತ್ರ ಅದನ್ನು 'ಮಹಿಳೆಯರ ನಾಯಕರ ಶರ್ಯತ್ತು' ಎಂದು ಓದಿತ್ತು. ಮಹಿಳೆಯರ ನಾಯಕರು ಯಾಕೆ ಓಡಿದರು ಎಂದುಕೊಂಡು ಪುಟ ತೆರೆದೆ. ಅಸಲು ಪುಟದಲ್ಲಿ 'ಸಾಯಕಲ್' ಎಂದಿತ್ತು. ಆಗ ಹಾಗೆಯೇ ಬರೆಯುತ್ತಿದ್ದರು. ಸವೆದ ಸ ನ ಆಗಿ, ಉಳಿದದ್ದೂ ಕೆಟ್ಟು, ಸೈಕಲ್ಲು ನಾಯಕರಾಗಿತ್ತು.

ಎಣ್ಣೆ ಗಾಣದ ಜಾಹೀರಾತಿನ ಪಕ್ಕದಲ್ಲಿ ಸಣ್ಣದೊಂದು ಸುದ್ದಿ, ಮೇಲೆ ಫೋಟೋ. ಫೋಟೋದಲ್ಲಿ ಆರು ಜನ ಹುಡುಗಿಯರು ಸೈಕಲ್ ಹಿಡಿದುಕೊಂಡು ನಿಂತಿದ್ದರು. ಮುಖಗಳೆಲ್ಲ ಮಸಿಯ ಮುದ್ದೆ. ಚಕ್ರಗಳೂ ಸೀರೆಗಳ ಅಂಚೂ ಮಾತ್ರ ಸ್ಪಷ್ಟ. ಸುದ್ದಿಯಲ್ಲಿದ್ದದ್ದು ಇಷ್ಟು: ಕಾಲೇಜು ವಿದ್ಯಾರ್ಥಿನಿಯರಿಗಾಗಿ ಶರ್ಯತ್ತು ನಡೆಯಿತು, ಆರು ಜನ ಭಾಗವಹಿಸಿದರು, ಮೊದಲ ಮೂವರಿಗೆ ಬಹುಮಾನ ಕೊಡಲಾಯಿತು. ಮೂರು ಹೆಸರುಗಳಿದ್ದವು. ಮೂರು ಅಕ್ಷರದ ಆ ಹೆಸರು, ಅಡ್ಡಹೆಸರಿನೊಡನೆ, ಎರಡನೆಯ ಸ್ಥಾನದಲ್ಲಿತ್ತು.

ಎರಡನೆಯದು. ಒಳಗೆ ಎಲ್ಲೋ ಒಂದು ಸಣ್ಣ ಸಮಾಧಾನ ಮೂಡಿದ್ದನ್ನು ನಾನು ಗಮನಿಸಿದೆ. ಪೂರ್ತಿ ಸೋಲಲಿಲ್ಲವಲ್ಲ ಎಂದು. ಆಮೇಲೆ ಮೊದಲ ಸಾಲನ್ನು ಮತ್ತೆ ಓದಿದೆ. ಶರ್ಯತ್ತು ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಡೆದಿತ್ತು.

ಕಾಕುವಿನ ತವರು ಹುಬ್ಬಳ್ಳಿ. ಅವಳು ಅಲ್ಲಿಂದ ಹೊರಡದೆ ಇನ್ನೆಲ್ಲಿಂದ ಹೊರಡಬೇಕಿತ್ತು? ಎರಡೂ ಊರು ಸೇರಿ ಒಂದೇ ಊರು ಎಂದು ಸರಕಾರ ಹೇಳಿದರೂ ಧಾರವಾಡದವರಿಗೆ ಎಲ್ಲವೂ ಧಾರವಾಡದಿಂದಲೇ ಶುರು. ಕಾಕಾ ಹಾಗೆ ತಿಳಿದರು, ಅಪ್ಪ ಹಾಗೆ ತಿಳಿದ, ನಾನು ಹಾಗೆ ಬರೆದೆ. ಏರು ಎಲ್ಲಿಂದ ತಂದಿ, ತವರುಮನಿಯಿಂದೇನು ಎಂದು ಕಾಕಾ ಕೇಳಿದ್ದರಲ್ಲ, ಹೌದು, ತವರುಮನೆಯ ಕಡೆಯಿಂದಲೇ ಏರು ಬರುತ್ತಿತ್ತು.

ಕಾಕುವಿಗೆ ಫೋನು ಹಚ್ಚಿದೆ. "ಪ್ರಿಂಟ್ ತರಲೇನು?" ಎಂದೆ.

"ಪ್ರಿಂಟ್ ಬ್ಯಾಡ. ಇಲ್ಲ ಅನ್ನೋದಕ್ಕೂ ಪ್ರಿಂಟ್ ತಂದಾಕಿ ನೀ. ನಾನ ಬಂದು ನೋಡ್ತೀನಿ."

ಮರುದಿನ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಕಾಲೇಜಿನ ಗೇಟಿನ ಎದುರು ಬದಿಯಲ್ಲಿ ಇಳಿದೆವು. ರಸ್ತೆ ದಾಟಬೇಕಿತ್ತು. ಕಾಕು ಎಂದಿನಂತೆ ನನ್ನ ಮಣಿಕಟ್ಟು ಹಿಡಿದಳು, ಕಣ್ಣು ಅರ್ಧ ಮುಚ್ಚಿದಳು.

ಕಂಪ್ಯೂಟರ್ ಕೋಣೆಯಲ್ಲಿ ಗ್ರಂಥಪಾಲಕಿ ಮೊದಲೇ ಪುಟ ತೆರೆದಿಟ್ಟಿದ್ದರು. "ಬರ್ರಿ ಅಮ್ಮಾರ, ಕೂಡ್ರಿ. ನಿಮ್ಮ ಸಲುವಾಗಿ ಇವರು ಎರಡು ದಿವಸ ಎತ್ತು ಮೇಯಿಸ್ಯಾರ."

ಕಾಕು ಫೋಟೋ ನೋಡಲಿಲ್ಲ. ಬೆರಳನ್ನು ಪರದೆಯ ಮೇಲಿಟ್ಟು ಅಕ್ಷರಗಳ ಕೆಳಗೆ ಸರಿಸುತ್ತ ಹೋದಳು. "ತಂಗೀ, ಇನ್ನಷ್ಟು ದೊಡ್ಡದು ಮಾಡ್ವಾ." ಗ್ರಂಥಪಾಲಕಿ ದೊಡ್ಡದು ಮಾಡಿದರು. ಮೂರು ಅಕ್ಷರಗಳು ಪರದೆಯ ಅರ್ಧ ತುಂಬಿದವು, ಅಂಚುಗಳು ಒಡೆದು ಹರಡಿದವು. ಕಾಕುವಿನ ಬೆರಳು ಅಲ್ಲಿಯೇ ನಿಂತಿತು.

"ಹೂಂ," ಎಂದಳು. "ಇದ್ದಳು ಈಕಿ."

ನಾನು ಕಾಯಬಹುದಿತ್ತು. ಕಾಯಲಿಲ್ಲ. "ಕಾಕು, ಎರಡನೇ ನಂಬರ್ ಅಂತ ಅದ."

"ಓದಲಿಕ್ಕೆ ಬರತದ ನನಗ."

"ಮೊದಲು ಬಂದೆ ಅಂತಿದ್ದಿ?"

"ಶರ್ಯತ್ತು ಸೈಕಲ್ಲಿಂದೋ, ಓಡೋದರದೋ?" ಕಾಕು ಕುರ್ಚಿಯಲ್ಲಿ ನನ್ನ ಕಡೆ ತಿರುಗಿದಳು. "ಕಡೀಕ ಏರು ಬಂತು. ಈ ಮೊದಲನೇದಾಕಿ ಇದ್ದಾಳಲ್ಲ, ನನಗಿಂತ ಮುಂದಿದ್ದಳು, ಖರೇ. ಅರ್ಧಾ ಏರಿನ್ಯಾಗ ಆಕಿಗೆ ಆಗಲಿಲ್ಲ. ಇಳದಳು. ಸೀರಿ ಎತ್ತಿ ಕಟ್ಟಿದಳು, ಸೈಕಲ್ ನೂಕಿಕೋತ ಓಡಿದಳು. ಮ್ಯಾಲೆ ಹೋಗಿ ಮತ್ತ ಹತ್ತಿದಳು. ನಾ ಇಳೀಲಿಲ್ಲ. ಹುಬ್ಬಳ್ಳ್ಯಾಗ ಎತ್ತಿದ ಕಾಲು ಧಾರವಾಡದಾಗ ನೆಲಕ್ಕ ಹಚ್ಚೀನಿ. ಮತ್ತ ಯಾರು ಮೊದಲು?"

"ಇದೆಲ್ಲಾ ಪೇಪರಿನ್ಯಾಗ ಇಲ್ಲಲ್ಲ ಕಾಕು."

"ಪೇಪರಿನವರು ಏರಿನ್ಯಾಗ ಇದ್ದಿದ್ದಿಲ್ಲ. ಕಡೀಕ ಹಾರ ಹಿಡಕೊಂಡು ನಿಂತಿದ್ದರು."

ಗ್ರಂಥಪಾಲಕಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸ್ಪರ್ಧಾತ್ಮಕ ಪರೀಕ್ಷೆಯವರು ಮೂವರೂ ತಿರುಗಿ ಕೂತಿದ್ದರು.

"ಇಷ್ಟೆಲ್ಲಾ ಸೈಕಲ್ ಹೊಡದಾಕಿ, ಮುಂದ ಯಾಕ ಒಂದ ದಿವಸನೂ ಹತ್ತಲಿಲ್ಲ?" ನಿಜವಾಗಿ ನನಗೆ ತಿಳಿಯಬೇಕಾಗಿದ್ದುದು ಇದೇ. ಹನ್ನೊಂದು ಪುಟಗಳಲ್ಲಿ ನಾನು ಇದನ್ನು ಕೇಳಿರಲಿಲ್ಲ.

ಕಾಕು ಪರದೆಯ ಮೇಲಿನ ಹೆಸರಿನತ್ತ ಬೆರಳು ತೋರಿಸಿದಳು. "ಸೈಕಲ್ ಆಕೀದು." ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಈಕಿಗೆ ಬರಂಗಿಲ್ಲ."

ದುಃಖದಿಂದ ಹೇಳಿದಳೇ ಎಂದು ಕೇಳಿದರೆ, ಇಲ್ಲ. ನನಗೆ ಕನ್ನಡ ಬರುತ್ತದೆ, ನಿನಗೆ ಲೆಕ್ಕ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ಇದಕ್ಕಿಂತ ಹೆಚ್ಚಿನದನ್ನು ನಾನು ಆ ಧ್ವನಿಗೆ ಅಂಟಿಸುವುದಿಲ್ಲ.

"ತಂಗೀ, ಈ ಮೊದಲನೇದಾಕೀನ್ನ ಹುಡುಕವಾ," ಎಂದಳು ಗ್ರಂಥಪಾಲಕಿಗೆ. "ಇದ್ದರ ಕೇಳೂಣು. ಇಳದಿದ್ದಿ ಹೌದೋ ಅಲ್ಲೋ ಅಂತ. ಆಕಿ ಸುಳ್ಳು ಹೇಳಾಕಿ ಅಲ್ಲ. ಬಹುಮಾನ ತಗೊಳ್ಳೋವಾಗ ನನ್ನ ಮಾರಿ ನೋಡಲಿಲ್ಲ."

ಗ್ರಂಥಪಾಲಕಿ ಮೊದಲನೆಯವಳ ಹೆಸರು ಹಾಕಿದರು. ಇನ್ನೊಂದು ಕಡೆ ಕಾಲೇಜಿನ ಕ್ರೀಡಾಕೂಟದ ಸುದ್ದಿಯಲ್ಲಿ ಆ ಹೆಸರು ಸಿಕ್ಕಿತು. ಮತ್ತೊಂದು ಕಡೆ, ಮರುವರ್ಷ, ಪರೀಕ್ಷೆಯ ಫಲಿತಾಂಶದಲ್ಲಿ. ಆಮೇಲೆ ಇಲ್ಲ. ವರ್ಷಗಳನ್ನು ಮುಂದೆ ಸರಿಸಿದರು, ಇನ್ನೂ ಸರಿಸಿದರು. ಇಲ್ಲ.

"ಅಮ್ಮಾರ, ಅವರ ಮದುವಿ ಹೆಸರು ಏನ್ರಿ?"

"ಅದು ಗೊತ್ತಿದ್ದರ ನಿನ್ನ ಮಶೀನ್ ಯಾಕ ಬೇಕಿತ್ತು? ನಾನ ಫೋನ್ ಹಚ್ಚತಿದ್ದೆ."

ಹುಡುಕುವ ಕೆಲಸ ಅಲ್ಲಿಗೆ ನಿಂತಿತು. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇನ್ನೆಲ್ಲೋ, ಬೇರೊಂದು ಹೆಸರಿನಲ್ಲಿ, ಆ ಏರನ್ನು ಕಂಡ ಇನ್ನೊಬ್ಬಳು ಇರಬಹುದು. ಇಲ್ಲದಿರಲೂಬಹುದು.

ಆ ವಾರ ನಾನು ಅಧ್ಯಾಯವನ್ನು ಮತ್ತೆ ಬರೆದೆ. ಹಳೆಯ ತಲೆಬರಹ ತೆಗೆದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಂದು ತಿದ್ದಿದೆ. ಶರ್ಯತ್ತು ಎಂದು ತಿದ್ದಿದೆ. ಪತ್ರಿಕೆಯ ಪ್ರಕಾರ ಎರಡನೆಯ ಸ್ಥಾನ ಎಂದೂ ಬರೆದೆ. ಅದನ್ನು ಬಿಡಬೇಡ ಎಂದು ಕಾಕುವೇ ಹೇಳಿದಳು. ಎರಡು ಹೆಸರುಗಳಲ್ಲಿ ಯಾವುದನ್ನು ಹಾಕಲಿ ಎಂದು ಕೇಳಿದ್ದಕ್ಕೆ, "ಯಾವುದೂ ಬ್ಯಾಡ. ಒಂದು ಹಾಕಿದರ ಇನ್ನೊಂದಕ್ಕ ಸಿಟ್ಟು ಬರತದ," ಎಂದಳು. ಹಾಗಾಗಿ ಎರಡನ್ನೂ ಹಾಕಲಿಲ್ಲ. ಕಾಕುವಿನದು ಮಾತ್ರ ಯಾಕೆ ಎಂದು ಪುಸ್ತಕದ ಉಳಿದ ಹೆಸರುಗಳನ್ನೂ ತೆಗೆದೆ. ನನ್ನದನ್ನು ಸಹ. ಅಷ್ಟು ಜಗಳವಾಡಿ ಉಳಿಸಿಕೊಂಡದ್ದು ಈಗ ರಕ್ಷಾಪುಟದಲ್ಲಿ ಮಾತ್ರ ಇದೆ.

ಕೊನೆಯ ಸಾಲಾಗಿ ಬರೆದೆ: ಅವಳು ಏರಿನಲ್ಲಿ ಇಳಿಯಲಿಲ್ಲ.

ಅಚ್ಚಿನ ಮನೆಯಿಂದ ಕರಡು ತಿದ್ದುವವರು ಫೋನು ಮಾಡಿದರು. ನನ್ನ ಪುಸ್ತಕಗಳನ್ನು ಬಹಳ ವರ್ಷಗಳಿಂದ ತಿದ್ದುತ್ತಿರುವವರು, ನನ್ನ ನಿಯಮ ಬಲ್ಲವರು. "ಮೇಡಂ, ಉಳಿದದ್ದಕ್ಕೆಲ್ಲಾ ಪೇಪರಿನ ಆಧಾರ ಕೊಟ್ಟೀರಿ. ಈ ಕಡೇ ಸಾಲಿಗೆ ಏನೂ ಇಲ್ಲಲ್ರಿ?"

"ಇಲ್ರಿ."

"ಮತ್ತ 'ಎನ್ನುತ್ತಾಳೆ' ಅಂತ ಸೇರಿಸಲೇನ್ರಿ? ಇಳಿಯಲಿಲ್ಲ ಎನ್ನುತ್ತಾಳೆ ಅಂತ?"

"ಬ್ಯಾಡ್ರಿ. ಹಂಗ ಇರಲಿ."

ಅವರು ಆಗಲಿ ಎಂದರು.

ಗ್ರಂಥಾಲಯದಿಂದ ಹೊರಬಿದ್ದ ಆ ದಿನದ್ದು ಇನ್ನೊಂದಿಷ್ಟು ಉಳಿದಿದೆ. ಅದನ್ನು ಅಧ್ಯಾಯದಲ್ಲಿ ಹಾಕಿಲ್ಲ, ಇಲ್ಲಿ ಹಾಕುತ್ತೇನೆ. ಗೇಟಿನ ಮುಂದೆ ನಿಂತೆವು. ಆಟೋ ಹಿಡಿಯಲು ಮತ್ತೆ ರಸ್ತೆ ದಾಟಬೇಕು. ಬಸ್ಸೊಂದು ಹೋಯಿತು, ಅದರ ಹಿಂದೆ ಸಾಲು ಸಾಲು ಬೈಕುಗಳು. ಕಾಕು ನನ್ನ ಮಣಿಕಟ್ಟಿಗೆ ಕೈ ಹಾಕಿದಳು. ಈಗಷ್ಟೇ ಓದಿದ್ದು ತಲೆಯಲ್ಲಿತ್ತು, ನಾನು ಅವಳ ಮುಖ ನೋಡಿ ನಕ್ಕೆ. ಕಾಕುವಿಗೆ ಅರ್ಥವಾಯಿತು.

"ನಗಬ್ಯಾಡ," ಎಂದಳು. "ಈಕಿಗೆ ಹೆದರಿಕಿ ಅದ. ಗಟ್ಟಿ ಹಿಡಿ."